60 ಗ್ರಾಂ ಆನೆ

ಫೆಬ್ರವರಿ ಬಂತೆಂದರೆ ಸಕಲೇಶಪುರ, ಆಲೂರು ಕಡೆ ಕಾಫಿ ತೋಟದಲ್ಲಿ ಓಡಾಡುವವರು ಕಾಲಿಗಿಂತ ಕಿವಿಯನ್ನೇ ಮುಂದಿಟ್ಟು ನಡೆಯಬೇಕು. ಬೆಳಿಗ್ಗೆ ಎದ್ದು ಕಾಡಾನೆ ಹತ್ತಿರದಲ್ಲಿದೆಯೆಂದು ಎಚ್ಚರಿಸುವ ಮೆಸೇಜ್ ಬಂದಿದೆಯಾ ನೋಡಿ, ಬಂದಿಲ್ಲವೆಂದು ಧೈರ್ಯ ಮಾಡಿ ಒಳಗೆ ಹೋದರೆ, ಹಾಲುವಾಣ, ಸಿಲ್ವರ್ ಓಕ್, ಹಲಸಿನ ಎಲೆ ಉದುರಿ ಪಾದ ಮುಳುಗುವಷ್ಟು ದರಗು. ಹತ್ತು ಹೆಜ್ಜೆ ಇಟ್ಟಿರುವುದಿಲ್ಲ, ರೋಬಸ್ಟಾ ಗಿಡದ ಹಿಂದೆ ಚರಕ್. ಮತ್ತೆ ಚರಕ್ ಚರಕ್.

ಇಷ್ಟೆಲ್ಲ ಗದ್ದಲ ಮಾಡುವುದು ಒಂದು ಹಕ್ಕಿ. ಕಿತ್ತಳೆ ತಲೆಯ ಥ್ರಷ್. ಕೊಕ್ಕಿನಿಂದ ಬಾಲದ ತನಕ ಒಂದು ಗೇಣು, ತೂಕ 50-60 ಗ್ರಾಂ, ಅಂದರೆ ಒಂದು ಕೋಳಿಮೊಟ್ಟೆ. ತಲೆ, ಎದೆ ಹಣ್ಣಾದ ಕಿತ್ತಳೆ ಬಣ್ಣ, ಗಂಡಿನ ಬೆನ್ನು ಬೂದು-ನೀಲಿ, ಭುಜದ ಮೇಲೊಂದು ಬಿಳಿ ಮಚ್ಚೆ. ನಮ್ಮ ದಕ್ಷಿಣದ ಹಕ್ಕಿಗೆ ಬಿಳಿ ಕೆನ್ನೆಯ ಮೇಲೆ ಎರಡು ಕಪ್ಪು ಗೆರೆ ಕೆಳಗಿಳಿದಿರುತ್ತವೆ, ಅತ್ತ ಮಗುವಿನ ಕಾಡಿಗೆ ಹರಿದ ಹಾಗೆ. ನಮ್ಮನ್ನು ಅಳಿಸುವುದು ಅದು, ಅಳುಮುಖ ಮಾಡಿಕೊಂಡಿರುವುದೂ ಅದೇ.

ಕೆಲಸದ ಕ್ರಮ ಇಷ್ಟೇ. ಎರಡು ಸಲ ಕುಪ್ಪಳಿಸಿ ನಿಲ್ಲುತ್ತದೆ, ಕತ್ತು ವಾರೆ ಮಾಡಿ ನೋಡುತ್ತದೆ. ಎಲೆಯ ಅಂಚನ್ನು ಕೊಕ್ಕಿನಲ್ಲಿ ಕಚ್ಚಿ ಪಕ್ಕಕ್ಕೆ ಬಿಸಾಕುತ್ತದೆ, ಇಸ್ಪೀಟಿಗೆ ಕೂತವನು ಬೇಡದ ಎಲೆ ಒಗೆದಂತೆ. ಅಡಿಯಲ್ಲಿ ಎರೆಹುಳುವೋ ಹುಳವೋ ಸಿಕ್ಕರೆ ಗುಳುಂ. ಇಲ್ಲದಿದ್ದರೆ ಮುಂದಿನ ಎಲೆ.

ಸಿಟ್ಟು ಬರುವುದು ಸದ್ದಿಗಲ್ಲ, ಸದ್ದು ನಿಲ್ಲುವುದಕ್ಕೆ. ಗಾಬರಿಯಾದರೆ ಅಪಾಯ ಕಳೆಯುವ ತನಕ ಮಿಸುಕದೆ ನಿಲ್ಲುವುದು ಅದರ ಜಾಯಮಾನ. ಮನುಷ್ಯರ ವಾಸನೆ ಹತ್ತಿದರೆ ಆನೆಯೂ ಹಾಗೇ ಸದ್ದಡಗಿಸಿ ನಿಲ್ಲುತ್ತದಲ್ಲ! ಆದ್ದರಿಂದ ನಾವೂ ನಿಲ್ಲುತ್ತೇವೆ. ನಾವು ನಿಂತೆವೆಂದು ಅದು, ಅದು ನಿಂತಿತೆಂದು ನಾವು. ಕಾಲರಿನೊಳಗೆ ಚಗಳಿ ಇರುವೆ ಇಳಿದು ಬೆನ್ನು ಕಚ್ಚುತ್ತಿದ್ದರೂ ಕೈ ಎತ್ತುವ ಹಾಗಿಲ್ಲ. ಕೊನೆಗೆ ಕಾಫಿ ಹಣ್ಣಿನ ಚೀಲ ಹೊತ್ತ ಅಕ್ಕ ಯಾರೋ ಹಿಂದಿನಿಂದ ಬಂದು, "ಹಕ್ಕಿ ಕಣಣ್ಣ, ದಾರಿ ಬಿಡಿ" ಅನ್ನಬೇಕು. ಅದೂ ನಗದೆ ಅನ್ನುತ್ತಾರೆ, ಅದೇ ಹೆಚ್ಚು ಉರಿಯುವುದು.

ಗುರುತು ಹಿಡಿಯಲು ಬರುತ್ತದೆ. ಹಕ್ಕಿಯ ಸದ್ದು ನೆಲಮಟ್ಟದಲ್ಲೇ, ತುಂಡು ತುಂಡು. ಹಂದಿಯಾದರೆ ನೆಲ ಮಗುಚುತ್ತ ಒಂದೇ ಸಮ ಸಾಗುತ್ತದೆ, ನಡುವೆ ಗುಟುರು. ಅನ್ಯಾಯ ಏನೆಂದರೆ, ಪಾದದಡಿ ಮೆತ್ತೆ ಇರುವ ಆನೆ ದರಗಿನ ಮೇಲೂ ಮೆಲ್ಲಗೆ ಬಂದುಬಿಡುತ್ತದೆ. ಬೈನೆ ಮರ ಸೀಳಿದ ಸದ್ದೋ, ಕಿವಿ ಬಡಿದ ಸದ್ದೋ, ಲದ್ದಿಯ ವಾಸನೆಯೋ ಬಂದರೆ ಹಕ್ಕಿ ಶಾಸ್ತ್ರ ಬಿಟ್ಟು ಬಂದ ದಾರಿಯಲ್ಲೇ ವಾಪಸ್.

ಮಳೆಗಾಲ ಹತ್ತಿರವಾದಂತೆ ಈ ಗಂಡು ಹಕ್ಕಿಯೇ ಬೆಳಗಿನ ಜಾವ ಕೊಂಬೆ ಹತ್ತಿ ಹಾಡುವಾಗ ಮಾತ್ರ ಬೈಯಲು ಬಾಯಿ ಬರುವುದಿಲ್ಲ. ಅಷ್ಟು ಇಂಪು. ನಡುವೆ ಪಿಕಳಾರ, ಹರಟೆಮಲ್ಲ ಹಕ್ಕಿಗಳ ದನಿಯ ಅಣಕ ಬೇರೆ.

ನೆರಳು ಕಡಿದು, ದರಗು ಗುಡಿಸಿ ಬೆಂಕಿ ಕೊಟ್ಟ ತೋಟದಲ್ಲಿ ಈ ಕಾಟ ಇಲ್ಲ. ಎರೆಹುಳು ಇಲ್ಲದ ಮೇಲೆ ಅದು ಯಾಕೆ ಬಂದೀತು? ಅಲ್ಲಿ ಬೆಳಿಗ್ಗೆ ಏನೂ ಕೇಳಿಸುವುದಿಲ್ಲ. ಹಾಗೆ ಏನೂ ಕೇಳಿಸದಿರುವಾಗ ಹೆದರಿಕೆ ಇನ್ನೂ ಜಾಸ್ತಿ.