ಒಂದು ಅಡಿಕೆಮರ, ಒಂದು ವೋಟು

2023ರ ಫೆಬ್ರವರಿ. ಅಂಗಳ ತುಂಬ ಅಡಿಕೆ ಒಣಗಲು ಹಾಕಿದ್ದೆವು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಸೋದರಳಿಯ, ಮನೆಯಿಂದಲೇ ಕೆಲಸ ಅಂತ ಹೇಳಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಮನೆಗೆ ಬಂದು ಕೂತಿದ್ದ. ಬಚ್ಚಲುಕೊಟ್ಟಿಗೆಯ ಹಿಂದಿನ ಹಲಸಿನ ಮರದ ಬುಡದಲ್ಲಿ ಮಾತ್ರ ನೆಟ್‌ವರ್ಕ್ ಸಿಗುತ್ತದೆ, ಹಾಗಾಗಿ ಅವನ ಆಫೀಸು ಅಲ್ಲೇ. ಒಂದು ದಿನ ಲ್ಯಾಪ್‌ಟಾಪ್ ಹಿಡಿದುಕೊಂಡು ಆ ಕಡೆ ಓಡುತ್ತಾ, "ಮಾವ, ಇವತ್ತು ವೋಟಿಂಗ್ ಉಂಟು, ಊಟಕ್ಕೆ ಕಾಯಬೇಡಿ" ಅಂದ.

ನಾನು ಪಂಚಾಯತ್ ಉಪಚುನಾವಣೆ ಅಂದುಕೊಂಡೆ. ಗುರುತಿನ ಚೀಟಿ ಎಲ್ಲಿಟ್ಟೆ ಅಂತ ಹುಡುಕಲೂ ಶುರು ಮಾಡಿದ್ದೆ.

ಪಂಚಾಯತ್ ಅಲ್ಲವಂತೆ. ಯುನಿಸ್ವಾಪ್ ಅಂತ ಒಂದು ಕ್ರಿಪ್ಟೊ ವಿನಿಮಯದ ಅಂಗಡಿ. 2018ರಲ್ಲಿ ಹೇಡನ್ ಆಡಮ್ಸ್ ಎಂಬವರು ಇಥೀರಿಯಂ ಅನ್ನುವ ಬ್ಲಾಕ್‌ಚೈನ್ ಮೇಲೆ, ಅಂದರೆ ಹಲವು ಕಂಪ್ಯೂಟರುಗಳು ಸೇರಿ ಬರೆಯುವ ಲೆಕ್ಕದ ಪುಸ್ತಕದ ಮೇಲೆ, ಹಾಕಿದ್ದು. ಅಂಗಡಿ ಅಂದರೆ ಅಂಗಡಿ, ಆದರೆ ಗಲ್ಲಾದಲ್ಲಿ ಯಾರೂ ಕೂತಿಲ್ಲ. ಜನರೇ ಎರಡೆರಡು ಬಗೆಯ ನಾಣ್ಯ ತಂದು ಒಂದು ಕೊಪ್ಪರಿಗೆಗೆ ಸುರಿಯುತ್ತಾರೆ, ಬಂದವರು ಒಂದನ್ನು ಹಾಕಿ ಇನ್ನೊಂದನ್ನು ತೆಗೆಯುತ್ತಾರೆ, ರೇಟನ್ನು ಗಣಿತ ನಿಗದಿ ಮಾಡುತ್ತದೆ. ದಲ್ಲಾಳಿ ಇಲ್ಲ, ಧಣಿ ಇಲ್ಲ. ಇಷ್ಟು ಕೇಳಿದಾಗ ನನಗೂ ಖುಷಿಯೇ ಆಯಿತು, ಅಡಿಕೆ ವ್ಯಾಪಾರಿಯ ಮುಂದೆ ಚಾಲಿಯ ಚೀಲ ಬಿಚ್ಚಿ ನಿಂತು ಅವನ ಮುಖ ನೋಡಿದವನಿಗೆ ದಲ್ಲಾಳಿ ಇಲ್ಲದ ಅಂಗಡಿ ಅಂದರೆ ಸಾಕ್ಷಾತ್ ಕೈಲಾಸ.

"ಧಣಿ ಇಲ್ಲದಿದ್ದರೆ ತೀರ್ಮಾನ ಯಾರದ್ದು?"

"ಸಮುದಾಯದ್ದು ಮಾವ. ನಮ್ಮದು."

ನಮ್ಮದು! 2020ರ ಸೆಪ್ಟೆಂಬರ್‌ನಲ್ಲಿ ಈ ಅಂಗಡಿ ಯುನಿ ಅಂತ 100 ಕೋಟಿ ಟೋಕನ್, ಅಂದರೆ ಡಿಜಿಟಲ್ ಬಿಲ್ಲೆ, ಹುಟ್ಟಿಸಿತು. ಮೊದಲು ಒಮ್ಮೆಯಾದರೂ ಅಲ್ಲಿ ವ್ಯಾಪಾರ ಮಾಡಿದ ಪ್ರತಿಯೊಂದು ವಿಳಾಸಕ್ಕೆ, ಅಂದರೆ ಖಾತೆಗೆ, 400 ಟೋಕನ್ ಧರ್ಮಕ್ಕೆ ಕೊಟ್ಟಿತು. ಅಳಿಯನಿಗೂ ಸಿಕ್ಕಿತ್ತು. 377 ಮಾರಿ ಬೈಕ್ ತೆಗೆದುಕೊಂಡ. ಉಳಿದ 23 ಅವನ ಪೌರತ್ವ. ಯಾಕೆಂದರೆ ಅಲ್ಲಿ ತಲೆಗೊಂದು ವೋಟಲ್ಲ, ಟೋಕನ್ನಿಗೊಂದು ವೋಟು. ಅದೂ ಸುಮ್ನೆ ಚಲಾಯಿಸಲು ಆಗುವುದಿಲ್ಲ, ಮೊದಲು ನಿನ್ನ ವೋಟನ್ನು ಯಾರಿಗಾದರೂ ಡೆಲಿಗೇಟ್ ಮಾಡಬೇಕು. ನೀನೇ ಹಾಕುವುದಾದರೆ ನಿನ್ನ ವೋಟನ್ನು ನೀನೇ ನಿನಗೆ ಒಪ್ಪಿಸಿಕೊಳ್ಳಬೇಕು. ಒಪ್ಪಿಸಿಕೊಳ್ಳಲು ಒಂದು ಫೀಸು, ಆಮೇಲೆ ಹಾಕಲು ಇನ್ನೊಂದು ಫೀಸು. ನಮ್ಮಲ್ಲಿ ವೋಟಿನ ದಿನ ಜೀಪು ಕಳಿಸಿ ಮನೆಯಿಂದ ಕರೆದುಕೊಂಡು ಹೋಗುತ್ತಾರೆ. ಇವನು ಅವತ್ತು ಕೈಯಿಂದ ಸುಮಾರು 250 ರೂಪಾಯಿ ಹಾಕಿ ವೋಟು ಹಾಕಿದ.

ಟೋಕನ್ನಿಗೊಂದು ವೋಟು ಅಂದಾಗ ನನಗೆ ನಮ್ಮ ತೋಟವೇ ಕಣ್ಣ ಮುಂದೆ ಬಂತು. ತಲೆಗೊಂದರ ಬದಲು ಅಡಿಕೆಮರಕ್ಕೊಂದು ವೋಟು ಅಂತ ನಮ್ಮ ವಾರ್ಡಿನಲ್ಲಿ ಮಾಡಿದರೆ ಹೇಗಿರುತ್ತದೆ ನೋಡಿ. ಮೇಲಿನ ಮನೆಯ ಭಾವನದ್ದು ಮೂರು ಗುಡ್ಡೆಯ ತಪ್ಪಲು ಪೂರ್ತಿ ತೋಟ, ಅವರು ಕೆಮ್ಮಿದರೆ ಕೋರಂ. ನನ್ನದು ಇನ್ನೂರು ಚಿಲ್ಲರೆ ಮರ, ಅದರಲ್ಲೂ ಹಳದಿ ರೋಗ ಬಂದದ್ದಕ್ಕೆ ಅರ್ಧ ವೋಟು ಅಂತ ಯಾರಾದರೂ ತಕರಾರು ತೆಗೆದರೆ ಮುಗಿಯಿತು. ನಮ್ಮ ತೋಟಕ್ಕೆ ಕೊನೆ ಕೊಯ್ಯಲು ಬರುವವನಿಗೆ ಒಂದೂ ವೋಟಿಲ್ಲ. ಎಲ್ಲ ಮರ ಹತ್ತಿ ಇಳಿಯುವವನು ಅವನೇ ಆದರೂ.

ಸರಿ, ಇವತ್ತಿನ ವೋಟು ಎಂತಕ್ಕೆ? ಅಂಗಡಿಯನ್ನು ಬಿಎನ್‌ಬಿ ಚೈನ್ ಅನ್ನುವ ಇನ್ನೊಂದು ಊರಿಗೂ ವಿಸ್ತರಿಸಬೇಕಾ ಬೇಡವಾ ಅಂತ. ಬೈನಾನ್ಸ್‌ನವರು ಶುರು ಮಾಡಿದ ಚೈನ್ ಅದು; ಧಣಿ ಇರುವ ದೊಡ್ಡ ಕ್ರಿಪ್ಟೊ ವಿನಿಮಯ ಕಂಪನಿ ಅವರದ್ದು. ಅಲ್ಲಿ ಖರ್ಚು ಕಮ್ಮಿ, ಜನ ಜಾಸ್ತಿ. ಅವಸರ ಯಾಕೆಂದರೆ ಅಂಗಡಿಯ ಮೂರನೇ ಆವೃತ್ತಿಯ ಕೋಡಿಗೆ ಒಂದು ಲೈಸೆನ್ಸ್ ಉಂಟು, ವ್ಯಾಪಾರಕ್ಕಾಗಿ ಬೇರೆ ಯಾರೂ ಅದನ್ನು ನಕಲು ಮಾಡುವ ಹಾಗಿಲ್ಲ. ಅದರ ಗಡುವು ಮುಗಿಯುವುದು 2023ರ ಏಪ್ರಿಲ್ 1ಕ್ಕೆ. ದಿನ ಆರಿಸಿದವರಿಗೆ ದೊಡ್ಡ ನಮಸ್ಕಾರ. ಆಮೇಲೆ ಯಾರು ಬೇಕಾದರೂ ಅದೇ ಹಿಟ್ಟಿನಲ್ಲಿ ದೋಸೆ ಹುಯ್ಯಬಹುದು, ಅಷ್ಟರೊಳಗೆ ನಮ್ಮ ಕಾವಲಿ ಅಲ್ಲಿ ಕಾಯಬೇಕು ಅಂತ ಲೆಕ್ಕ.

ಹೋಗುವುದಕ್ಕೆ ಹೆಚ್ಚಿನವರು ಒಪ್ಪಿದರು. ಜಗಳ ಬಂದದ್ದು ಸಂಕದ ವಿಷಯದಲ್ಲಿ.

ಹೌದು, ಸಂಕ. ಅವರು ಬ್ರಿಡ್ಜ್ ಅನ್ನುತ್ತಾರೆ, ನಮಗೆ ಸಂಕವೇ ಸರಿ. ವೋಟು ನಡೆಯುವುದು ಇಥೀರಿಯಂನಲ್ಲಿ, ಅಂಗಡಿ ಇರುವುದು ತೋಡಿನ ಆಚೆ ಬಿಎನ್‌ಬಿಯಲ್ಲಿ. ಇಲ್ಲಿ ಆದ ತೀರ್ಮಾನವನ್ನು ಯಾರಾದರೂ ಆಚೆ ದಾಟಿಸಿ "ಹೀಗೆ ತೀರ್ಮಾನ ಆಗಿದೆ" ಅಂತ ಹೇಳಬೇಕಲ್ವಾ? ಅದಕ್ಕೊಂದು ಸಂಕ. ದಾಟಿಸುವವನು ದಾರಿಯಲ್ಲಿ ಮಾತು ಬದಲಿಸಿದರೆ ಆಚೆಯ ಅಂಗಡಿಯ ಕಥೆ ಮುಗಿದ ಹಾಗೆ. ಇದನ್ನು ಅಳಿಯ ನನಗೆ ಅರ್ಧ ಗಂಟೆ ವಿವರಿಸಿದ. ಪಾಪ, ಬೇಕಾಗಿರಲಿಲ್ಲ. ತಿರುವನಂತಪುರದಲ್ಲಿ ಮಲಯಾಳದಲ್ಲಿ ಹೊರಡುವ ಆದೇಶ ರಾಜ್ಯದ ಈ ತುದಿಯ ಕನ್ನಡಿಗನ ಕೈಗೆ ಬರುವಾಗ ಏನಾಗಿರುತ್ತದೆ ಅಂತ ನನಗೆ ಗೊತ್ತು. ಅರ್ಜಿ ತುಂಬಿಸಲು ಸರ್ಕಾರಿ ಸೇವೆಯ ಅಕ್ಷಯ ಕೇಂದ್ರದಲ್ಲಿ ಕೂತ ಹುಡುಗಿಯೇ ನಮ್ಮ ಬ್ರಿಡ್ಜ್.

ಸಂಕಕ್ಕೆ ನಾಲ್ಕು ಉಮೇದುವಾರರು. ವರ್ಮ್‌ಹೋಲ್, ಲೇಯರ್‌ಝೀರೊ, ಡಿಬ್ರಿಡ್ಜ್, ಸೆಲರ್. ಇದರಲ್ಲಿ ವರ್ಮ್‌ಹೋಲ್‌ಗೆ 19 ಜನ ಕಾವಲುಗಾರರು, 13 ಜನ ಸಹಿ ಹಾಕಿದರೆ ಮಾತು ಆಚೆ ದಾಟುತ್ತದೆ. ಒಳ್ಳೆಯದೇ. ಆದರೆ ಹಿಂದಿನ ವರ್ಷದ ಫೆಬ್ರವರಿಯಲ್ಲಷ್ಟೇ ಯಾರೋ ಒಬ್ಬ ಆ ಸಹಿ ಪರೀಕ್ಷೆಗೇ ಕನ್ನ ಹಾಕಿ, ಈಚೆ ದಡದಲ್ಲಿ ಒಂದು ಪೈಸೆ ಇಡದೆ ಆಚೆ ದಡದಲ್ಲಿ 1,20,000 ಈಥರ್, ಅಂದರೆ ಇಥೀರಿಯಂನ ನಾಣ್ಯ, ಹುಟ್ಟಿಸಿಕೊಂಡಿದ್ದ. 32 ಕೋಟಿ ಡಾಲರಿನಷ್ಟು. ಬೆನ್ನಿಗಿದ್ದ ಜಂಪ್ ಕಂಪನಿಯವರು ತಮ್ಮ ಕಿಸೆಯಿಂದ ತುಂಬಿಸಿಕೊಟ್ಟರು. ಜನವರಿ ಕೊನೆಯಲ್ಲಿ ಸಂಕ ಆರಿಸುವ ವೋಟು ನಡೆಯಿತು, ವರ್ಮ್‌ಹೋಲ್ ಗೆದ್ದಿತು. ಕಳೆದ ಮಳೆಗಾಲದಲ್ಲಿ ಮುರಿದ ಸಂಕವನ್ನೇ ಜನ ಆರಿಸಿದರಾ ಅಂತ ನಾನು ಕೇಳಿದ್ದಕ್ಕೆ ಅಳಿಯ, "ಮುರಿದದ್ದನ್ನು ರಿಪೇರಿ ಮಾಡಿದ್ದಾರೆ ಮಾವ, ಮುರಿಯದ್ದು ಎಲ್ಲಿ ಮುರಿಯುತ್ತದೆ ಅಂತ ಯಾರಿಗೆ ಗೊತ್ತು" ಅಂದ. ಉತ್ತರ ಅಷ್ಟೇನೂ ಕೆಟ್ಟದಿರಲಿಲ್ಲ.

ಈಗ ಬರುತ್ತಾರೆ ಮೇಲಿನ ಮನೆಯ ಭಾವ. ಆಂಡ್ರೀಸನ್ ಹೊರೊವಿಟ್ಜ್ ಅಂತ ಅಮೆರಿಕದ ದೊಡ್ಡ ಹೂಡಿಕೆದಾರರು. ಅವರ ಹತ್ತಿರ ಒಂದೂವರೆ ಕೋಟಿ ವೋಟು ರೆಡಿ ಇತ್ತು. ಯುನಿಸ್ವಾಪ್‌ನಲ್ಲೂ ಅವರ ದುಡ್ಡು, ಲೇಯರ್‌ಝೀರೊ ಸಂಕದ ಕಂಪನಿಯಲ್ಲೂ ಅವರ ದುಡ್ಡು. ಅವರಿಗೆ ಬೇಕಾದದ್ದು ಲೇಯರ್‌ಝೀರೊ. ಆದರೆ ಸಂಕ ಆರಿಸುವ ದಿನ ಅವರಿಗೆ ವೋಟು ಹಾಕಲು ಆಗಲೇ ಇಲ್ಲ. ಯಾಕೆ? ಟೋಕನ್‌ಗಳನ್ನು ಭದ್ರವಾಗಿ ಇಟ್ಟಿದ್ದ ವ್ಯವಸ್ಥೆಯಲ್ಲಿ ಆ ಬಗೆಯ ವೋಟು ಹಾಕುವ ಸೌಕರ್ಯ ಇರಲಿಲ್ಲವಂತೆ. ತಿಜೋರಿ ಎಷ್ಟು ಭದ್ರ ಅಂದರೆ ಯಜಮಾನನಿಗೇ ಬಾಗಿಲು ತೆರೆಯುವುದಿಲ್ಲ! ಭವಿಷ್ಯದ ಹಣಕಾಸು ವ್ಯವಸ್ಥೆಯ ಮೇಲೆ ಕೋಟಿಗಟ್ಟಲೆ ಸುರಿದವರು ಬೀಗದ ಕೈ ಸಿಗದೆ ಅಂಗಳದಲ್ಲಿ ನಿಂತ ದೃಶ್ಯ ನೆನೆದು ನಾನು ಎರಡು ದಿನ ನಕ್ಕಿದ್ದೇನೆ. ಆಗಿದ್ದರೆ ಒಂದೂವರೆ ಕೋಟಿಯನ್ನೂ ಲೇಯರ್‌ಝೀರೊಗೇ ಹಾಕುತ್ತಿದ್ದೆವು ಅಂತ ಆಮೇಲೆ ತಿಳಿಸಿದರು. ಮತ್ತೆ ಕೊನೆಯ ಸುತ್ತಿನ ವೋಟು ಬಂದಾಗ ಬೀಗದ ಕೈ ಸಿಕ್ಕಿತು. ಅಷ್ಟನ್ನೂ "ಬೇಡ" ಅನ್ನುವ ಕಡೆಗೆ ಹಾಕಿದರು.

ಹಲಸಿನ ಮರದ ಬುಡದಲ್ಲಿ ಕೂತ ಅಳಿಯನ ಕೈಯಲ್ಲಿ 23 ವೋಟು. ನಾನು ಕ್ಯಾಲ್ಕುಲೇಟರ್ ತೆಗೆದು ಲೆಕ್ಕ ಹಾಕಿದೆ. ಅವರ ಒಂದು ಬೆರಳು ಒತ್ತಿದ್ದನ್ನು ಸರಿಗಟ್ಟಲು ನಮ್ಮ ಅಳಿಯನಂಥವರು ಆರೂವರೆ ಲಕ್ಷ ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಕಾಸರಗೋಡು ಜಿಲ್ಲೆಯ ಜನಸಂಖ್ಯೆ ಸುಮಾರು 13 ಲಕ್ಷ. ಅಂದರೆ ಅರ್ಧ ಜಿಲ್ಲೆಯನ್ನು, ಮಕ್ಕಳು ಮರಿ ಸಮೇತ, ನಮ್ಮ ಹಲಸಿನ ಮರದ ಬುಡಕ್ಕೆ ಕರೆದುಕೊಂಡು ಬರಬೇಕು. ನೆಟ್‌ವರ್ಕ್ ಅಲ್ಲಿ ಮಾತ್ರ ಸಿಗುವುದಲ್ವಾ.

ಇದರ ನಡುವೆ ಬೈನಾನ್ಸ್‌ನ ಮುಖ್ಯಸ್ಥರು, "ಯುನಿಸ್ವಾಪ್ ಆಂಡ್ರೀಸನ್ ಹೊರೊವಿಟ್ಜ್ ಹಿಡಿತದಲ್ಲಿದೆಯೇ?" ಅನ್ನುವ ಧಾಟಿಯಲ್ಲಿ ಟ್ವಿಟರ್‌ನಲ್ಲಿ ಕೇಳಿದರು. ಭಾರಿ ಪ್ರಜಾಪ್ರಭುತ್ವದ ಕಾಳಜಿ. ನಾಲ್ಕು ತಿಂಗಳ ಹಿಂದೆ, 2022ರ ಅಕ್ಟೋಬರ್‌ನಲ್ಲಿ, ಇದೇ ಬೈನಾನ್ಸ್ 1.3 ಕೋಟಿ ಯುನಿ ಟೋಕನ್‌ಗಳನ್ನು ತನಗೇ ಡೆಲಿಗೇಟ್ ಮಾಡಿಕೊಂಡು ರಾತ್ರಿ ಬೆಳಗಾಗುವುದರೊಳಗೆ ದೊಡ್ಡ ಮತದಾರರ ಸಾಲಿನಲ್ಲಿ ಎರಡನೆಯವರಾಗಿ ಕೂತಿತ್ತು. ಅದು ಗಿರಾಕಿಗಳು ನಂಬಿ ಇಟ್ಟ ಟೋಕನ್ ಅಲ್ಲವಾ ಅಂತ ಗಲಾಟೆ ಆದಾಗ, ಉದ್ದೇಶ ಇರಲಿಲ್ಲ, ಒಂದು ವಾಲೆಟ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ ತನ್ನಿಂದ ತಾನೇ ಆಗಿಹೋಯಿತು ಅಂತ ಉತ್ತರ ಬಂತು. ಅಟ್ಟದಿಂದ ಚಾವಡಿಗೆ ಅಡಿಕೆ ಚೀಲ ಇಳಿಸುವಾಗ ಗೊತ್ತಿಲ್ಲದೆ ಸೊಸೈಟಿಯ ಉಪಾಧ್ಯಕ್ಷ ಆಗಿಬಿಟ್ಟೆ ಅಂತ ನಮ್ಮಲ್ಲಿ ಯಾರಾದರೂ ಹೇಳಿದರೆ ನಾವು ಚೀಲವನ್ನೇ ಎತ್ತಿ ಅವನ ತಲೆಯ ಮೇಲೆ ಇಡುತ್ತೇವೆ.

ಫೆಬ್ರವರಿ 10ಕ್ಕೆ ಎಣಿಕೆ ಮುಗಿಯಿತು. ಸುಮಾರು ಶೇಕಡಾ 66 ಪರ. ಮೇಲಿನ ಮನೆಯ ಭಾವ ಸೋತರು! ಅಳಿಯ ಗೆದ್ದವನ ಹಾಗೆ ಅಂಗಳಕ್ಕೆ ಬಂದ. ನಾನೂ ಖುಷಿಯಿಂದ ಒಂದು ಲೋಟ ಪುನರ್ಪುಳಿ ಶರಬತ್ತು ಕೊಟ್ಟೆ. ಆಮೇಲೆ ಪರ ಬಿದ್ದ ಐದೂವರೆ ಕೋಟಿಗೂ ಮೇಲಿನ ವೋಟು ಯಾರದ್ದು ಅಂತ ಕೇಳಿದೆ. ಹೆಚ್ಚಿನದ್ದು ಕೆಳಗಿನ ಮನೆಯ, ಆಚೆ ಮನೆಯ, ಬಯಲಿನ ಮನೆಯ ಭಾವಂದಿರದ್ದೇ. ಒಬ್ಬ ಭಾವನನ್ನು ಸೋಲಿಸಲು ಬೇರೆ ಭಾವಂದಿರು ಬೇಕಾಯಿತು, ಅಷ್ಟೇ ವಿಷಯ.

ಮಾರ್ಚ್ ನಡುವಿನಲ್ಲಿ ಅಂಗಡಿ ಬಿಎನ್‌ಬಿಗೆ ಹೋಯಿತು. ಏಪ್ರಿಲ್ 1ಕ್ಕೆ ಲೈಸೆನ್ಸ್ ಮುಗಿಯಿತು. ಏಪ್ರಿಲ್ ಮೊದಲ ವಾರದಲ್ಲೇ ಅದೇ ಚೈನಿನ ಹಳೆಯ ಅಂಗಡಿ ಪ್ಯಾನ್‌ಕೇಕ್‌ಸ್ವಾಪ್ ತನ್ನ ಮೂರನೇ ಆವೃತ್ತಿಯನ್ನು ತೆರೆಯಿತು. ಹೆಸರಿನಲ್ಲೇ ದೋಸೆ ಇಟ್ಟುಕೊಂಡವರು ಹಿಟ್ಟು ಸಿಕ್ಕ ಮೇಲೆ ಸುಮ್ಮನಿರುತ್ತಾರಾ? ಇಷ್ಟು ಜಗಳ, ಇಷ್ಟು ಬೀಗದ ಕೈ, ಇಷ್ಟು ವೋಟಿನ ಫೀಸು ಎಲ್ಲ ಸೇರಿ ಗಳಿಸಿದ್ದು ಎರಡು ಮೂರು ವಾರದ ಮುನ್ನಡೆ. ಅಂದ ಹಾಗೆ ನಮ್ಮ ಕೇಂದ್ರ ಸರ್ಕಾರಕ್ಕೆ ಈ ಸಂಕದ ತಲೆಬಿಸಿ ಯಾವುದೂ ಇಲ್ಲ. ಚೈನ್ ಯಾವುದಾದರೂ ಸರಿ, ಲಾಭದಲ್ಲಿ ಶೇಕಡಾ 30 ಅದಕ್ಕೆ, 2022ರ ಏಪ್ರಿಲ್‌ನಿಂದಲೇ.

ನನಗೆ ತುಂಬ ಇಷ್ಟವಾದದ್ದು ಇನ್ನೊಂದು. ಈ ಜಗಳದ ಹಿನ್ನೆಲೆಯಲ್ಲಿ ಯಾವ ಸಂಕ ಗಟ್ಟಿ ಅಂತ ಪರೀಕ್ಷಿಸಲು ಒಂದು ಸಮಿತಿ ಆಯಿತು, ಆ ವರ್ಷವೇ ವರದಿಯೂ ಬಂತು. ಸಂಕ ದಾಟಿ ಅಂಗಡಿ ಹಾಕಿದ ಮೇಲೆ ಸಂಕದ ಪರೀಕ್ಷೆಯ ವರದಿ. ವರ್ಮ್‌ಹೋಲ್ ಪಾಸಾಯಿತು, ಲೇಯರ್‌ಝೀರೊ ಆ ಹೊತ್ತಿಗೆ ಪಾಸಾಗಲಿಲ್ಲ. ಮೊದಲು ದಾಟು, ಆಮೇಲೆ ಆಯೋಗ. ಇದನ್ನು ಚಾವಡಿಯಲ್ಲಿ ಹೇಳಿದಾಗ, ಆರಾಮಕುರ್ಚಿಯಲ್ಲಿ ಕೂತಿದ್ದ ನನ್ನ ಅಪ್ಪ ಮೊದಲ ಬಾರಿಗೆ ಈ ವಿಷಯದಲ್ಲಿ ಕಿವಿ ನಿಮಿರಿಸಿದರು.

"ನಮ್ಮದೂ ಹಾಗೆಯೇ ಅಲ್ವೋ" ಅಂದರು.

ಅಪ್ಪನಿಗೆ 1956ರ ನವೆಂಬರ್ 1 ನೆನಪಿದೆ. ಆಗ ಅವರಿಗೆ ಹದಿನಾಲ್ಕು. ಹಿಂದಿನ ರಾತ್ರಿ ಮಲಗುವಾಗ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ, ಬೆಳಗ್ಗೆ ಎದ್ದಾಗ ಕೇರಳ. ಚೈನ್ ಬದಲಾಯಿತು. ವೋಟು ಬಿಡಿ, ಹಾಸಿಗೆಯಿಂದ ಎಬ್ಬಿಸಿ ಹೇಳಿದವರೂ ಇಲ್ಲ. ಹತ್ತು ವರ್ಷದ ನಂತರ 1966ರಲ್ಲಿ ಮಹಾಜನ ಆಯೋಗ ಆಯಿತು, ಮರುವರ್ಷ ವರದಿ ಬಂತು, ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗ ಮೈಸೂರಿಗೆ ಸೇರಲಿ ಅಂತ. ಆ ವರದಿಯನ್ನು ಆಚೆ ದಾಟಿಸುವ ಸಂಕ ಇವತ್ತಿನವರೆಗೂ ಯಾರೂ ಹಾಕಿಲ್ಲ.

"ಆ ಆಚೆ ಊರಿನವರನ್ನು ಕೇಳಿದ್ದಾರಾ?" ಅಪ್ಪ ಅಳಿಯನ ಕಡೆ ತಿರುಗಿದರು.

"ಯಾರನ್ನು ಅಜ್ಜ?"

"ಅದೇ, ಬಿಎನ್‌ಬಿಯವರನ್ನು. ನೀವು ಅಲ್ಲಿಗೆ ಬರುವುದು ಬೇಕಾ ಬೇಡವಾ ಅಂತ."

ಅಳಿಯ ಸ್ವಲ್ಪ ಹೊತ್ತು ಯೋಚಿಸಿದ. "ಅವರ ಹತ್ತಿರ ಯುನಿ ಟೋಕನ್ ಇದ್ದರೆ ಅವರೂ ವೋಟು ಹಾಕಬಹುದಿತ್ತು" ಅಂದ.

ಅಪ್ಪ ಎಲೆಗೆ ಸುಣ್ಣ ಹಚ್ಚುವುದರಲ್ಲಿ ಮಗ್ನರಾದರು.

ಅಷ್ಟರಲ್ಲಿ ಗ್ರಾಮಸಭೆಯ ನೋಟೀಸು ಬಂತು. ಮಲಯಾಳದಲ್ಲಿ. ನಮ್ಮಲ್ಲಿ ಗ್ರಾಮಸಭೆಗೆ ವಾರ್ಡಿನ ಮತದಾರರಲ್ಲಿ ಶೇಕಡಾ 10 ಜನ ಬರಬೇಕು, ಬಂದವರೆಲ್ಲ ಒಂದೇ ತೂಕ, ಕೈ ಎತ್ತಲು ಫೀಸಿಲ್ಲ, ಮೇಲಿಂದ ಚಾಯ ಮತ್ತು ಗೋಳಿಬಜೆ. ವಿಷಯ ಪಟ್ಟಿಯಲ್ಲಿ ನಮ್ಮ ತೋಡಿನ ಕಾಲುಸಂಕವೂ ಇತ್ತು. ಎರಡು ಅಡಿಕೆಮರ ಅಡ್ಡ ಹಾಕಿ ಶಾಲೆ ಮಕ್ಕಳು ದಾಟುವ ಜಾಗ, ಮಳೆಗಾಲದ ಮೊದಲು ಕಾಂಕ್ರೀಟಿನದ್ದು ಆಗಬೇಕು ಅಂತ ಎಷ್ಟೋ ವರ್ಷದ ಬೇಡಿಕೆ. ಅಳಿಯನ ಹೆಸರು ಇನ್ನೂ ಇದೇ ವಾರ್ಡಿನ ಪಟ್ಟಿಯಲ್ಲಿ ಉಂಟು. ಸಭೆ ನಡೆಯುವ ಶಾಲೆ ಮನೆಯಿಂದ ಅರ್ಧ ಕಿಲೋಮೀಟರ್.

"ಹೋಗುವಾ ಮಾರಾಯ, ಕೋರಂಗೆ ಜನ ಕಮ್ಮಿ ಆಗುತ್ತದೆ" ಅಂತ ಕರೆದೆ.

ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಬಿಸಿಲು ಮಾವ. ನೀವು ಹೋಗಿ ಬನ್ನಿ, ನನ್ನದನ್ನು ನಿಮಗೆ ಡೆಲಿಗೇಟ್ ಮಾಡಿದ್ದೇನೆ."