ಸ್ಕ್ರಿಪ್ಟ್ ಅಂತ ಪಕ್ಕಕ್ಕಿಡ್ಬೇಡಿ

‘ಹ್ಯಾರಿ ಪಾಟರ್ ಅಂಡ್ ದ ಕರ್ಸ್ಡ್ ಚೈಲ್ಡ್’ ಬರೀ ನಾಟಕದ ಸ್ಕ್ರಿಪ್ಟು, ಓದೋಕೆ ಸಪ್ಪೆ ಅಂತ ಬರ್ದಿದೀರ, ನಾನಂತೂ ಒಪ್ಪಲ್ಲ. 2007ಕ್ಕೆ ಹ್ಯಾರಿ ಪಾಟರ್ ಸರಣಿಯ ಏಳನೇ ಪುಸ್ತಕ ಬಂದು ಎಲ್ಲಾ ಮುಗೀತು ಅಂದ್ಕೊಂಡೋರಿಗೆ 2016ರ ಜುಲೈ 31ಕ್ಕೆ ಈ ಸ್ಕ್ರಿಪ್ಟ್ ಬಂದು ಮತ್ತೆ ಆ ಲೋಕ ಸಿಕ್ಕಿದ್ದೇ ದೊಡ್ಡ ಖುಷಿ ಕಣ್ರೀ. ನಾಟಕ ಬರ್ದಿದ್ದು ಜಾಕ್ ಥಾರ್ನ್, ಕಥೆ ಹೆಣೆಯೋದ್ರಲ್ಲಿ ಹಳೇ ಪುಸ್ತಕಗಳ ಲೇಖಕಿ ರೌಲಿಂಗ್ ಜೊತೆಗಿದ್ರು. ನಾಟಕ ಆಗಿರೋದ್ರಿಂದ ಹಳೇ ಪುಸ್ತಕಗಳ ಥರ ಮಾಯಾ ವಿದ್ಯೆ ಕಲಿಸೋ ಶಾಲೆ ಹಾಗ್ವರ್ಟ್ಸ್‌ನ ಮೂಲೆ ಮೂಲೆ ವರ್ಣನೆ ಇರಲ್ಲ, ಬರೀ ಸಂಭಾಷಣೆ, ಮಧ್ಯ ಮಧ್ಯ ರಂಗಸೂಚನೆ, ಉಳಿದಿದ್ದನ್ನ ನಾವೇ ಕಲ್ಪಿಸ್ಕೋಬೇಕು. ಆದ್ರೆ ಶಾಲೇಲಿ ಹ್ಯಾರಿಯ ಎದುರಾಳಿ ಆಗಿದ್ದ ಡ್ರಾಕೋ ಮಗ ಸ್ಕಾರ್ಪಿಯಸ್ ಇದಾನಲ್ಲ, ಅವನೊಬ್ಬನಿಗೋಸ್ಕರ ಆದ್ರೂ ಓದ್ಬೇಕು, ಎಷ್ಟ್ ಒಳ್ಳೇ ಹುಡುಗ! ಹ್ಯಾರಿ ಮಗ ಆಲ್ಬಸ್ ಶಾಲೆಯ ಸ್ಲಿದರಿನ್ ಅನ್ನೋ ತಂಡ ಸೇರಿ ಇವನ ಫ್ರೆಂಡ್ ಆಗೋದು, ಆಮೇಲೆ ಸಿಟ್ಟಲ್ಲಿ ಹ್ಯಾರಿ ಆಲ್ಬಸ್‌ಗೆ ‘ನೀನು ನನ್ನ ಮಗ ಆಗ್ದೇ ಇದ್ದಿದ್ರೆ’ ಅನ್ನೋ ಥರ ಮಾತಾಡ್ಬಿಡೋದು, ಅಪ್ಪನ್ನೇ ನೋಡದೆ ಬೆಳೆದ ಹ್ಯಾರಿ ಬಾಯಲ್ಲಿ ಆ ಮಾತು ಕೇಳಿ ನಂಗೆ ಅಳು ಬಂತು. ಹಳೇ ಪುಸ್ತಕದಲ್ಲಿ ಸತ್ತ ವಿದ್ಯಾರ್ಥಿ ಸೆಡ್ರಿಕ್‌ನ ಉಳಿಸೋಕೆ, ಕಾಲದಲ್ಲಿ ಹಿಂದಕ್ಕೆ ಕರ್ಕೊಂಡು ಹೋಗೋ ಟೈಮ್ ಟರ್ನರ್ ಹಿಡ್ಕೊಂಡು ಹೋಗೋ ಭಾಗ ಮಾತ್ರ ನಂಗೂ ಹಿಡಿಸ್ಲಿಲ್ಲ, ಮೂರನೇ ಪುಸ್ತಕದಲ್ಲಿ ಹಿಂದೆ ಹೋದ್ರೂ ಆಗಿದ್ದು ಬದಲಾಗಲ್ಲ, ಇಲ್ಲಿ ಇಡೀ ಭವಿಷ್ಯಾನೇ ಬದಲಾಗುತ್ತೆ. ಲಂಡನ್‌ನ ಪ್ಯಾಲೇಸ್ ಥಿಯೇಟರ್‌ನಲ್ಲಿ ಈ ನಾಟಕ ನೋಡಿದೋರು ಯಾರಾದ್ರೂ ಇದ್ರೆ ಆ ದೃಶ್ಯಗಳು ಸ್ಟೇಜ್ ಮೇಲೆ ಹೆಂಗಿತ್ತು ಅಂತ ಪ್ಲೀಸ್ ಹೇಳಿ.