ತಂತಿಯ ಆ ತುದಿಯಲ್ಲಿ ಯಾರು?

ಸೀರಿಯಲ್ ಪೋರ್ಟಿನ (ಒಂದರ ಹಿಂದೊಂದು ಬಿಟ್ ಕಳಿಸುವ ಕಿಂಡಿಯ) ಮೇಲೆ ಇಂಟರ್ನೆಟ್ ಹರಿಸಲು ಬೇಕಾಗುವ ಸಾಮಾನು ಸ್ವಲ್ಪವೇ. ಎರಡು ಲಿನಕ್ಸ್ ಯಂತ್ರ, ನಡುವೆ ಒಂದು ಕೇಬಲ್, ಎರಡೂ ಕಡೆ, ಪಿಪಿಪಿ ಎಂಬ ಸಂವಹನ ನಿಯಮದಂತೆ ಮಾತಾಡುವ ಪಿಪಿಪಿಡಿ ಎಂಬ ಮುಕ್ತ ತಂತ್ರಾಂಶ. ಒಂದೇ ಸಾಲಿನ ಆಜ್ಞೆ: ಪೋರ್ಟಿನ ಹೆಸರು, ವೇಗ 115200, ಈ ಕಡೆಯ ವಿಳಾಸ 10.0.0.1, ಕೋಲನ್ ಹಾಕಿ ಆ ಕಡೆಯ ವಿಳಾಸ 10.0.0.2, ಜತೆಗೆ 'ಲೋಕಲ್' (ಮೋಡೆಮ್ ಸನ್ನೆಗಳಿಗೆ ಕಾಯಬೇಡ), 'ನೋಆತ್' (ಆ ಕಡೆಯವರ ಗುರುತು ಕೇಳಬೇಡ), 'ನೋಡಿಟ್ಯಾಚ್' (ತೆರೆ ಬಿಟ್ಟು ಹಿನ್ನೆಲೆಗೆ ಹೋಗಬೇಡ), 'ಡೀಬಗ್' (ನಡೆದದ್ದನ್ನೆಲ್ಲ ವರದಿ ಮಾಡು). ಎಂಟರ್ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಸಂಪರ್ಕ. ಒತ್ತಿದವರು ಅರ್ಧ ದಿನವಾದರೂ ಅಲ್ಲೇ ಕೂತಿರುವುದೇಕೆ ಎಂಬುದು ಬೇರೆ ಮಾತು.

ಸೀರಿಯಲ್ ತಂತಿಗೆ ತನ್ನ ಆ ತುದಿಯಲ್ಲಿ ಯಾರಿದ್ದಾರೆಂಬ ಅರಿವೇ ಇಲ್ಲ. ಮೋಡೆಮ್ ಇರಬಹುದು, ಇನ್ನೊಂದು ಪಿಪಿಪಿಡಿ ಇರಬಹುದು, ಹೆಸರು ಕೇಳಲು ಕಾದು ಕೂತ ಗೆಟ್ಟಿ ಎಂಬ ಲಾಗಿನ್ ತಂತ್ರಾಂಶ ಇರಬಹುದು, ಯಾರೂ ಇಲ್ಲದೆಯೂ ಇರಬಹುದು. ಹೀಗಾಗಿ ಇಲ್ಲಿನ ಫಜೀತಿಗಳಲ್ಲಿ ಮುಕ್ಕಾಲು ಪಾಲು ತಾಂತ್ರಿಕ ದೋಷಗಳೇ ಅಲ್ಲ, ಬರೀ ತಪ್ಪು ತಿಳಿವಳಿಕೆ.

ಮೊದಲು ಕೇಬಲ್. ಒಂಬತ್ತು ಪಿನ್ನಿನ ಕನೆಕ್ಟರಿನಲ್ಲಿ 2 ಕೇಳುವ ಕಿವಿ, 3 ಮಾತಾಡುವ ಬಾಯಿ, 5 ಗ್ರೌಂಡ್. ಎರಡು ಕಂಪ್ಯೂಟರುಗಳ ನಡುವೆ ನೇರ ಕೇಬಲ್ ಹಾಕಿದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಜೋಡಣೆಯಾಗುತ್ತದೆ. ಇಬ್ಬರೂ ಕೂಗುತ್ತಾರೆ, ಒಬ್ಬರಿಗೂ ಕೇಳಿಸದು. ಬೇಕಾದದ್ದು ನಲ್ ಮೋಡೆಮ್ ಕೇಬಲ್: 2 ಮತ್ತು 3 ಅದಲುಬದಲು, 7 ಮತ್ತು 8 ಅದಲುಬದಲು, ಈ ಕಡೆಯ 4 ಆ ಕಡೆಯ 6 ಮತ್ತು 1ಕ್ಕೆ. ಜಿಪುಣತನಕ್ಕೆ ಬಿದ್ದು ಮೂರೇ ತಂತಿ ಬೆಸೆದವರು 'ಸಿಆರ್‌ಟಿಎಸ್‌ಸಿಟಿಎಸ್' ಆಯ್ಕೆಯನ್ನೂ (7, 8ನೇ ಪಿನ್ನುಗಳ ಸನ್ನೆ ನೋಡಿಯೇ ಕಳಿಸು ಎಂಬುದು) ಕೊಟ್ಟರೆ ಮುಗಿಯಿತು. 'ಕಳಿಸು' ಎಂಬ ಸನ್ನೆ ಎಂಟನೇ ಪಿನ್ನಿಗೆ ಬರಬೇಕು, ಆ ಪಿನ್ನಿಗೆ ತಂತಿಯೇ ಇಲ್ಲ, ಪೋರ್ಟು ಅಪ್ಪಣೆಗಾಗಿ ಕಾಯುತ್ತಲೇ ಇರುತ್ತದೆ. ಪಿಪಿಪಿಡಿ ಮಾತ್ರ ತಾನು ಕಳಿಸಿಯೇ ಬಿಟ್ಟೆ ಎಂದು ನಂಬಿ ಮೂರು ಸೆಕೆಂಡಿಗೊಮ್ಮೆಯಂತೆ ಹತ್ತು ಸಲ ಅದೇ ಕೋರಿಕೆಯನ್ನು ಒಪ್ಪಿಸಿ, ಅರ್ಧ ನಿಮಿಷಕ್ಕೆ 'ಎಲ್‌ಸಿಪಿ ಟೈಮ್‌ಔಟ್' ಎಂದು, ಅಂದರೆ ಸಂಪರ್ಕದ ಮಾತುಕತೆಗೆ ಉತ್ತರ ಬರಲಿಲ್ಲವೆಂದು, ಕೈಚೆಲ್ಲುತ್ತದೆ. ಮೂರು ತಂತಿಯಾದರೆ 'ನೋಸಿಆರ್‌ಟಿಎಸ್‌ಸಿಟಿಎಸ್' ಮತ್ತು 'ಲೋಕಲ್' ಕಡ್ಡಾಯ. ಪುಟ್ಟ ಬೋರ್ಡುಗಳ 3.3 ವೋಲ್ಟಿನ ಪಿನ್ನಿಗೆ ಹಳೆಯ ಆರ್‌ಎಸ್-232 ಪೋರ್ಟನ್ನು ನೇರವಾಗಿ ಕಟ್ಟುವ ಧೈರ್ಯ ಮಾತ್ರ ಬೇಡ. ಅಲ್ಲಿ ಸಂಕೇತ ಧನ ಋಣ ಎರಡೂ ಕಡೆ 15 ವೋಲ್ಟಿನವರೆಗೆ ಹೋಗಬಹುದು, ಆಮೇಲೆ ಆಯ್ಕೆ ಬದಲಿಸಿ ನೋಡಲು ಬೋರ್ಡೇ ಉಳಿಯುವುದಿಲ್ಲ.

ವೇಗದಲ್ಲಿ ಎತ್ತು ಏರಿಗೆ, ಕೋಣ ನೀರಿಗೆ ಆದರೆ ಪತ್ತೆ ಸುಲಭ, ತೆರೆ ತುಂಬ ಕಸ ಕಾಣುತ್ತದೆ. ಆದರೆ ಎಲ್ಲ ಕಸವೂ ಕಸವಲ್ಲ. ಮಿನಿಕಾಮ್ ಎಂಬ ಸೀರಿಯಲ್ ಟರ್ಮಿನಲ್ ತೆರೆದಾಗ ~ ಮತ್ತು } ಗುರುತುಗಳು ಮತ್ತೆ ಮತ್ತೆ ಬರುತ್ತಿದ್ದರೆ, ~ }# !}!}!} } ಎಂಬ ಧಾಟಿಯಲ್ಲಿ, ಅದು ಶುಭಶಕುನ. 126ನೇ ಸಂಕೇತವಾದ ~ ಪಿಪಿಪಿ ಚೌಕಟ್ಟಿನ ಗಡಿಕಲ್ಲು, 125ನೆಯದಾದ } ಮುಂದಿನ ಬೈಟನ್ನು ಮಾರ್ಪಡಿಸಿ ಕಳಿಸಿದೆ ಎನ್ನುವ 'ಎಸ್ಕೇಪ್' ಗುರುತು. ಆ ಕಡೆ ಸಿದ್ಧವಾಗಿದೆ ಎಂದರ್ಥ. ಮೋಡೆಮ್ಮನ್ನು ರೀಸೆಟ್ ಮಾಡದೆ ಮಿನಿಕಾಮಿನಿಂದ ಹೊರಬಂದು ಪಿಪಿಪಿಡಿಯನ್ನು ಕೂರಿಸಬೇಕು. ಹೆಚ್ಚಿನವರು ಇದನ್ನೇ ಕಸವೆಂದು ಬಗೆದು ಸರಿಯಿದ್ದ ವೇಗವನ್ನು ಕೆಡಿಸಿಕೊಳ್ಳುತ್ತಾರೆ.

ಅತ್ಯುತ್ತಮ ಪ್ರಹಸನವೆಂದರೆ ಎರಡೂ ತುದಿಯಲ್ಲಿ ಗೆಟ್ಟಿ ಓಡುತ್ತಿರುವುದು. ಈ ಕಡೆಯ ಗೆಟ್ಟಿ ಸ್ವಾಗತದ ಸಾಲು ಬರೆಯುತ್ತದೆ. ಆ ಕಡೆಯ ಗೆಟ್ಟಿ ಅದನ್ನೇ ಬಳಕೆದಾರನ ಹೆಸರೆಂದು ತಿಳಿದು 'ಪಾಸ್‌ವರ್ಡ್?' ಎನ್ನುತ್ತದೆ. ಓಹೋ, ಪಾಸ್‌ವರ್ಡ್ ಎಂಬುವವರು ಬಂದಿದ್ದಾರೆ ಎಂದು ಇದು ಅವರ ಗುಟ್ಟಿನ ಪದ ಕೇಳುತ್ತದೆ. 'ಲಾಗಿನ್ ತಪ್ಪು' ಎಂಬ ಉತ್ತರವೂ ಮುಂದಿನ ಸುತ್ತಿಗೆ ಹೆಸರಾಗುತ್ತದೆ. ಬೆಳಗಿನ ತನಕ ನಡೆಯುವ ಈ ಸಂಭಾಷಣೆಯ ಸಾಕ್ಷಿ ಲಾಗ್ ಕಡತದಲ್ಲಿ ಸಿಗುತ್ತದೆ. ಹುಟ್ಟಿಯೇ ಇಲ್ಲದ ಬಳಕೆದಾರರ ವಿಫಲ ಪ್ರಯತ್ನಗಳನ್ನು ನೋಡಿ, ದಾಳಿಯಾಗಿದೆ ಎಂದು ಬೆವರುವವರೂ ಇದ್ದಾರೆ. ಆ ಪೋರ್ಟಿನ ಸೀರಿಯಲ್-ಗೆಟ್ಟಿ ಸೇವೆಯನ್ನು ನಿಲ್ಲಿಸಿ, ಮತ್ತೆ ಏಳದಂತೆ ನಿಷ್ಕ್ರಿಯಗೊಳಿಸಬೇಕು. ಕರ್ನಲ್‌ನ (ಲಿನಕ್ಸಿನ ತಿರುಳಿನ) ಬೂಟ್ ಸಾಲಿನಲ್ಲಿ 'ಕನ್ಸೋಲ್' ಎಂದು ಅದೇ ಪೋರ್ಟನ್ನು ಬರೆದಿದ್ದರೆ ಅದನ್ನೂ ಕೀಳಬೇಕು. ಇಲ್ಲವಾದರೆ ಯಾವುದೋ ಪೆನ್‌ಡ್ರೈವ್ ಸಿಕ್ಕಿಸಿದ ಸಂಭ್ರಮವನ್ನು ಕರ್ನಲ್ ಪ್ಯಾಕೆಟ್ಟಿನ ನಡುವೆಯೇ ಸಾರುತ್ತದೆ, ಚೆಕ್‌ಸಮ್ ತಾಳೆಯಾಗದೆ ಆ ಪ್ಯಾಕೆಟ್ ಬಿದ್ದುಹೋಗುತ್ತದೆ.

ಒಂದೇ ತುದಿಯಲ್ಲಿ ಗೆಟ್ಟಿ ಇದ್ದರೆ ಬೇರೆ ತಮಾಷೆ. ಅದು ಕೇಳಿದ್ದನ್ನೆಲ್ಲ ಪ್ರತಿಧ್ವನಿಸುತ್ತದೆ, ಪಿಪಿಪಿಡಿ ತನ್ನ ಮಾತಿನೊಂದಿಗೇ ಸಂಧಾನಕ್ಕೆ ಕೂರುತ್ತದೆ. ಪುಣ್ಯಕ್ಕೆ ಪ್ರತಿ ಕೋರಿಕೆಯಲ್ಲೂ 32 ಬಿಟ್ಟಿನ ಒಂದು 'ಮ್ಯಾಜಿಕ್' ಸಂಖ್ಯೆ ಇರುತ್ತದೆ. ತನ್ನದೇ ಸಂಖ್ಯೆ ಮತ್ತೆ ಮತ್ತೆ ಮರಳಿ ಬಂದಾಗ ಅದು ಎಚ್ಚೆತ್ತು, ತಂತಿ ತನಗೇ ಸುತ್ತಿಕೊಂಡಿದೆ ಎಂದು ಸಾರಿ 17ನೇ ನಿರ್ಗಮನ ಸಂಕೇತ ಕೊಟ್ಟು ಹೊರಡುತ್ತದೆ. ಗೆಟ್ಟಿಯನ್ನು ಉಳಿಸಿಕೊಳ್ಳಲೇಬೇಕಿದ್ದರೆ ಮೊದಲು 'ಚಾಟ್' ಸ್ಕ್ರಿಪ್ಟಿನಿಂದ (ಇಂಥ ಪದ ಬಂದರೆ ಇಂಥದನ್ನು ಕಳಿಸು ಎಂಬ ಪಟ್ಟಿಯಿಂದ) ಲಾಗಿನ್ ಮಾಡಿಸಬೇಕು. ಅದರಲ್ಲಿ ಪಳಗಿದವರು 'ಲಾಗಿನ್:' ಎಂದು ಪೂರ್ತಿ ಕಾಯುವುದಿಲ್ಲ, ಮೊದಲ ಅಕ್ಷರ ಬಿಟ್ಟು 'ಆಗಿನ್:' ಎಂದಷ್ಟೇ ಬರೆಯುತ್ತಾರೆ. ಆ ಅಕ್ಷರ ದೊಡ್ಡದೋ ಚಿಕ್ಕದೋ ಗೊತ್ತಿರುವುದಿಲ್ಲ, ಗದ್ದಲದಲ್ಲಿ ಕಳೆದುಹೋಗುವುದೂ ಉಂಟು. ಜತೆಗೆ 45 ಸೆಕೆಂಡ್ ಕಾಯುವ ತಾಳ್ಮೆ ಚಾಟ್‌ಗೆ ಮೊದಲೇ ಇದೆ.

ಇಷ್ಟಾದ ಮೇಲೆ ಕರೆಯದೆ ಬರುವ ನೆಂಟನೊಬ್ಬನಿದ್ದಾನೆ, ಮೋಡೆಮ್‌ಮ್ಯಾನೇಜರ್. ಮೊಬೈಲ್ ಮೋಡೆಮ್‌ಗಳನ್ನು ನೋಡಿಕೊಳ್ಳುವ ಈ ತಂತ್ರಾಂಶ ಕೆಲವು ವ್ಯವಸ್ಥೆಗಳಲ್ಲಿ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಸಿಕ್ಕಿಸಿದೊಡನೆ ಒಳನುಗ್ಗಿ, ಆ ತುದಿಯಲ್ಲಿರುವುದು ಮೋಡೆಮ್ಮೇ ಇರಬೇಕೆಂದು 'ಎಟಿ' 'ಎಟಿ' ಎಂದು ಕುಶಲ ವಿಚಾರಿಸುತ್ತದೆ. ಮೊದಲ ಕೆಲವು ಸೆಕೆಂಡ್ ಪೋರ್ಟು 'ಬ್ಯುಸಿ' (ಪುರುಸೊತ್ತಿಲ್ಲ) ಎನ್ನುವುದಕ್ಕೆ ಇದೇ ಕಾರಣವಿರಬಹುದು. ಮೊಬೈಲ್ ಡಾಂಗಲ್ ಬಳಸದವರು ಅದನ್ನು ತೆಗೆದುಹಾಕಿದರೆ ನಷ್ಟವೇನಿಲ್ಲ.

'ನೋಆತ್' ಬಿಟ್ಟವರ ಪಾಡೂ ನೋಡುವಂತಿರುತ್ತದೆ. ಯಂತ್ರಕ್ಕೆ ಈಗಾಗಲೇ ಬೇರೊಂದು ಡೀಫಾಲ್ಟ್ ರೂಟ್ (ಹೊರಗಿನ ಜಾಲಕ್ಕೆ ಹೋಗುವ ದಾರಿ) ಇದ್ದರೆ ಪಿಪಿಪಿಡಿ ಆ ಕಡೆಯವರೇ ತಮ್ಮ ಗುರುತು ಸಾಬೀತು ಮಾಡಲಿ ಎಂದು ಪಟ್ಟು ಹಿಡಿಯುತ್ತದೆ. ಸಂಪರ್ಕ ಬೇಡಿ ಹೋದವನೇ ಸೇವಾದಾರರ ಪಾಸ್‌ವರ್ಡ್ ಕೇಳಿದರೆ ಅವರು ಏನೆಂದಾರು? 'ನೋಆತ್' ಎಂದರೆ ನಮ್ಮ ಪಾಸ್‌ವರ್ಡ್ ಕೊಡುವುದಿಲ್ಲ ಎಂದಲ್ಲ, ನಿಮ್ಮದನ್ನು ಕೇಳುವುದಿಲ್ಲ ಎಂದು. ನಮ್ಮದನ್ನು ಪ್ಯಾಪ್-ಸೀಕ್ರೆಟ್ಸ್ ಅಥವಾ ಚಾಪ್-ಸೀಕ್ರೆಟ್ಸ್ ಕಡತದಲ್ಲಿ ಬರೆಯಬೇಕು: ಮೊದಲು ನಮ್ಮ ಹೆಸರು, ಆಮೇಲೆ ಅವರದು (ತಿಳಿಯದಿದ್ದರೆ *), ಆಮೇಲೆ ಗುಟ್ಟು. ಕಡತದ ಅನುಮತಿ 600, ಅಂದರೆ ಒಡೆಯನಷ್ಟೇ ಓದಿ ಬರೆಯುವಂತೆ.

ಸಂಪರ್ಕವಾಯಿತು, ವಿಳಾಸಗಳೂ ಬಂದವು, ಪುಟ ಮಾತ್ರ ತೆರೆಯುತ್ತಿಲ್ಲ ಎಂಬುದು ಮುಂದಿನ ಅಂಕ. ಐಪಿ ವಿಳಾಸಕ್ಕೆ ಪಿಂಗ್ ಹೋಗಿ ಹೆಸರಿಗೆ ಹೋಗದಿದ್ದರೆ ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್ ಇಲ್ಲ, 'ಯೂಸ್‌ಪೀರ್‌ಡಿಎನ್‌ಎಸ್' ಕೊಡಿ. 'ಡೀಫಾಲ್ಟ್‌ರೂಟ್' ಹಾಕಿದರೂ ಹಳೆಯ ದಾರಿ ಇದ್ದರೆ ಪಿಪಿಪಿಡಿ ಅದನ್ನು ಮುಟ್ಟುವುದಿಲ್ಲ, ಮುಟ್ಟಲಿಲ್ಲವೆಂದು ಲಾಗ್‌ನಲ್ಲಿ ಪ್ರಾಮಾಣಿಕವಾಗಿ ಬರೆದಿಡುತ್ತದೆ, ನಾವು ಓದುವುದಿಲ್ಲ. ಆ ಕಡೆಯ ಯಂತ್ರದಲ್ಲಿ ಐಪಿ ಫಾರ್ವರ್ಡಿಂಗ್ (ಬಂದ ಪ್ಯಾಕೆಟ್ಟನ್ನು ಮುಂದಕ್ಕೆ ಸಾಗಿಸುವುದು) 1 ಆಗಿದೆಯೇ, ಮ್ಯಾಸ್ಕರೇಡ್ (ನಮ್ಮ ಪ್ಯಾಕೆಟ್ಟನ್ನು ತನ್ನ ವಿಳಾಸದಿಂದ ಹೊರಗೆ ಕಳಿಸುವ) ನಿಯಮವಿದೆಯೇ ಎಂಬುದನ್ನೂ ನೋಡಿ.

ನಿಧಾನದ ದೂರಿಗೆ ಬರೀ ಲೆಕ್ಕ ಸಾಕು. ಒಂದು ಬೈಟಿಗೆ ಆರಂಭ ಮತ್ತು ನಿಲುಗಡೆ ಸೇರಿ 10 ಬಿಟ್, ಹಾಗಾಗಿ 9600ರಲ್ಲಿ ಸೆಕೆಂಡಿಗೆ 960 ಬೈಟ್. 1500 ಬೈಟಿನ ಒಂದೇ ಪ್ಯಾಕೆಟ್ ಒಂದೂವರೆ ಸೆಕೆಂಡ್ ದಾರಿ ಕಟ್ಟುತ್ತದೆ, ಆಗ ಹಿಂದೆ ನಿಂತ ಒಂದಕ್ಷರದ ಪ್ಯಾಕೆಟ್ ಏನು ಮಾಡಬೇಕು? ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 296ಕ್ಕೆ ಇಳಿಸಿದರೆ ಕಾಯುವ ಹೊತ್ತು ಸೆಕೆಂಡಿನ ಮೂರನೇ ಒಂದು ಭಾಗಕ್ಕೆ ಬರುತ್ತದೆ. ಆ ಒಂದಕ್ಷರಕ್ಕೂ 40 ಬೈಟಿನ ಶಿರೋಲೇಖ, ಮೂಗಿಗಿಂತ ಮೂಗುತಿ ಭಾರ. ವ್ಯಾನ್ ಜೇಕಬ್ಸನ್ 1990ರಲ್ಲಿ ಆರ್‌ಎಫ್‌ಸಿ 1144ರಲ್ಲಿ ಇದನ್ನು ಮೂರು ಬೈಟಿನಷ್ಟಕ್ಕೆ ಕುಗ್ಗಿಸುವ ದಾರಿ ಕೊಟ್ಟರು, ಪಿಪಿಪಿಡಿ ಕೇಳದೆಯೇ ಅದನ್ನು ಬಳಸಲು ಯತ್ನಿಸುತ್ತದೆ. ಪಿಪಿಪಿಗೂ ಹಿಂದಿನ ಸ್ಲಿಪ್‌ಗೆ ಇಂಥ ಮಾತುಕತೆಯೇ ಇರಲಿಲ್ಲ. 192ನೇ ಬೈಟ್ ಬಂದರೆ ಪ್ಯಾಕೆಟ್ ಮುಗಿಯಿತು, ತಪ್ಪಾದರೆ ಕೇಳುವವರಿಲ್ಲ.

ಕೊನೆಗೆ 'ಪರ್ಸಿಸ್ಟ್'. ಸಂಪರ್ಕ ಕಡಿದರೆ ಮತ್ತೆ ಯತ್ನಿಸು ಎಂಬ ಆಜ್ಞೆ. ಪಿಪಿಪಿಡಿ ಹಿಡಿದಿರುವಾಗಲೇ ಯುಎಸ್‌ಬಿ ಅಡಾಪ್ಟರ್ ಕಿತ್ತು ಮತ್ತೆ ಸಿಕ್ಕಿಸಿದರೆ 0 ಎಂಬ ಪೋರ್ಟು 1 ಆಗಿ ಏಳಬಹುದು. ಈಗಿಲ್ಲದ 0ಯ ಬಾಗಿಲನ್ನೇ ಪಿಪಿಪಿಡಿ ತಟ್ಟಿ, ಸತತ ಹತ್ತು ಸೋಲಿನ ನಂತರ ಬಿಟ್ಟುಬಿಡುತ್ತದೆ. ಸಂಖ್ಯೆಯ ಬದಲು ಸೀರಿಯಲ್ ಡೈರೆಕ್ಟರಿಯ 'ಬೈ-ಐಡಿ' ಹೆಸರು ಕೊಟ್ಟರೆ ಈ ಕಾಟವಿಲ್ಲ. ಅಗ್ಗದ ಅಡಾಪ್ಟರುಗಳಿಗೆ ಎಷ್ಟೋ ಸಲ ಸ್ವಂತ ಕ್ರಮಸಂಖ್ಯೆಯೇ ಇರುವುದಿಲ್ಲ, ಎರಡು ಸಿಕ್ಕಿಸಿದರೆ ಎರಡಕ್ಕೂ ಒಂದೇ ಹೆಸರು. ಆಗ 'ಬೈ-ಪಾತ್' ಬಳಸಿ, ಯಾವ ಕಿಂಡಿಗೆ ಯಾವುದು ಎಂದು ಚೀಟಿ ಅಂಟಿಸಿಡಿ.